ಚಿಕ್ಕವ್ವ ಹೇಳಿದ್ದ ಶೋಲೆ ಹಾಡು

ಹೋದ ಸಲ ಹುರುಳಿಕಾಳು ಬಸ್ಸಾರಿನ ವಿಚಾರ ಬರೆದಿದ್ದೆ. ಸುಮಾರು ಜನ ಮಾಡಿ ನೋಡಿ ಹೇಳಿದ್ರಿ, ಸಂತೋಷ ಆಯ್ತು. ಈ ಸಲ ಅಡುಗೆ ಅಲ್ಲ, ಒಂದು ಹಾಡಿನ ಚರಿತ್ರೆ. ಹಾಡಿನ ಚರಿತ್ರೆ ಬರೆಯೋಕೆ ನಾನೇನು ಪಂಡಿತಳಲ್ಲ. ಪಿಯುಸಿ ಮುಗಿಸಿ, ಹುಟ್ಟಿದ ಹೊಂಗನೂರಿಗೇ ಸೊಸೆಯಾಗಿ ಉಳಿದೋಳು. ಆದ್ರೆ ಈ ಹಾಡಿನ ದೆಸೆಯಿಂದ ನಮ್ಮ ಮನೇಲಿ ಒಬ್ಬ ಹೆಂಗಸು ನಲವತ್ತು ವರ್ಷ ಸುಳ್ಳಿ ಅನ್ನಿಸಿಕೊಂಡ್ರು. ಅಂದೋರಲ್ಲಿ ನಾನೂ ಒಬ್ಬಳು. ಅದಕ್ಕೇ ಬರೀತಾ ಇದ್ದೀನಿ.

ನಮ್ಮಪ್ಪನ ತಮ್ಮನ ಹೆಂಡತಿ, ನಮ್ಮ ಚಿಕ್ಕವ್ವ, ನಿಮಗೆಲ್ಲ ಗೊತ್ತೇ ಗೊತ್ತು. ಹೆಸರು ಬೇಡ, ಅವರಿಗೆ ಹಿಡಿಸಲ್ಲ. ತವರು ರಾಮನಗರದ ಮಗ್ಗುಲ ಹಳ್ಳಿ. ಸೋಬಾನೆ ಹೇಳೋಕೆ ನಿಂತ್ರೆ ಹಸೆಮಣೆ ಮುಂದೆ ರಾತ್ರಿಯೆಲ್ಲಾ ಹೇಳೋರು. ಒಂದು ಸಲ ಕೇಳಿದ್ರೆ ಸಾಕು, ಆ ರಾಗ ಅವರ ಗಂಟಲಲ್ಲಿ ಕೂತುಬಿಡೋದು.

ಚಿಕ್ಕವ್ವ ಮದುವೆಯಾಗಿ ಬಂದ ಒಂದೆರಡು ವರ್ಷಕ್ಕೆ ನಮ್ಮ ಮನೇಲಿ ಇನ್ನೊಂದು ಮದುವೆ ಆಯ್ತು. ಚಪ್ಪರ ಹಾಕಿ, ತೆಂಗಿನ ಮರಕ್ಕೆ ಹಾರನ್ನು ಕಟ್ಟಿ, ಮೈಕ್ ಸೆಟ್ ತರಿಸಿದ್ರು. ಮೈಕ್ ಸೆಟ್ಟಿನ ಹುಡುಗ ಹೊತ್ತಾರೆ ಸುಪ್ರಭಾತದಿಂದ ಶುರು ಮಾಡಿದ್ರೆ ರಾತ್ರಿ ಊಟದ ಎಲೆ ಎತ್ತೋವರೆಗೂ ನಿಲ್ಲಿಸ್ತಿರಲಿಲ್ಲ. ಚಿಕ್ಕವ್ವ ತರಕಾರಿ ಹೆಚ್ಚುತಾ ಕೂತಿದ್ದಾಗ ಒಂದು ಹಾಡು ಬಂತಂತೆ. ಗಂಡಸರು ನಾಲ್ಕು ಜನ, ಚಪ್ಪಾಳೆ ತಟ್ಟಿಕೊಂಡು, ಒಬ್ಬರಾದ ಮೇಲೆ ಒಬ್ಬರು ಎತ್ತಿಕೊಂಡು ಹಾಡೋದು. ಚಿಕ್ಕವ್ವ ಈಳಿಗೆ ಮಣೆ ಬಿಟ್ಟು ಎದ್ದುಹೋಗಿ ಆ ಹುಡುಗನ್ನ ಕೇಳಿದ್ರು, "ಯಾವ ಪಿಚ್ಚರ್ದಪ್ಪಾ ಇದು?" ಅವನು ಅಂದ, "ಶೋಲೆದು ಕಣಕ್ಕೋ."

ಆವತ್ತಿಂದ ಶುರುವಾಯ್ತು ನೋಡಿ. ಶೋಲೆ ಪಿಚ್ಚರನ್ನ ನಮ್ಮ ಮನೆಯೋರು ಒಂದು ಸಲ ಅಲ್ಲ, ನಾಲ್ಕೈದು ಸಲ ನೋಡಿದ್ದಾರೆ. ಅದರಲ್ಲಿ ಅಂಥ ಹಾಡು ಎಲ್ಲಿದೆ? ಸ್ಕೂಟರಿನ ಹಾಡಿದೆ, ಹೋಳಿ ಹಾಡಿದೆ, ಹೆಲೆನ್ ಕುಣಿಯೋ ಹಾಡಿದೆ, ಗಾಜಿನ ಚೂರಿನ ಮೇಲೆ ಹೇಮಾಮಾಲಿನಿ ಕುಣಿಯೋದಿದೆ. ನಾಲ್ಕು ಜನ ಗಂಡಸರು ಚಪ್ಪಾಳೆ ತಟ್ಟೋದು ಎಲ್ಲೂ ಇಲ್ಲ. ಚಿಕ್ಕವ್ವ ಬಿಡಲಿಲ್ಲ. "ಐತೆ ಕಣ್ರವ್ವ, ನಾನೇ ಕೇಳಿವ್ನಿ" ಅನ್ನೋರು. ಚಿಕ್ಕಪ್ಪ ಎಲ್ಲರ ಮುಂದೆ, "ಕೋಳಿ ಕೂಗದಿದ್ರೂ ಇವಳಿಗೆ ಬೆಳಗಾಯ್ತದೆ" ಅಂದು ನಗಿಸೋರು. ನಾವು ಮಕ್ಕಳು ಕೂಡ, "ಚಿಕ್ಕವ್ವ, ನಿನ್ನ ಶೋಲೆ ಹಾಡು ಹೇಳವ್ವ" ಅಂತ ಕೆಣಕಿ ಓಡಿಹೋಗ್ತಿದ್ವಿ.

ನಗೋ ಮಾತು ನಗುವಿನಲ್ಲೇ ಇದ್ದಿದ್ರೆ ಚೆನ್ನಾಗಿತ್ತು. ಮುಂದೆ ಒಂದಿನ ಅವರ ತವರಿನೋರು ಹಾಕಿದ್ದ ಒಂದು ಜೊತೆ ಬಳೆ ಪೆಟ್ಟಿಗೇಲಿ ಇರಲಿಲ್ಲ. "ಗಿರವಿ ಇಟ್ಟವ್ರೆ, ಚೀಟಿ ನಾನೇ ಕಣ್ಣಾರೆ ನೋಡಿವ್ನಿ" ಅಂದ್ರು ಚಿಕ್ಕವ್ವ. "ಇಲ್ಲದ ಹಾಡು ಕೇಳಿದೋಳು, ಇಲ್ಲದ ಚೀಟೀನೂ ನೋಡಿರ್ತಾಳೆ" ಅಂದ್ಬಿಟ್ರು ಮನೇಲಿ. ಬಳೆ ವಿಚಾರ ಇಲ್ಲಿ ಜಾಸ್ತಿ ಬೇಡ. ಆ ಚೀಟಿ ಬಹಳ ವರ್ಷ ಆದ ಮೇಲೆ ಸಿಕ್ತು ಅಂತ ಮಾತ್ರ ಹೇಳ್ತೀನಿ. ಚೀಟಿ ಸಿಕ್ಕ ಮೇಲೂ ಹಾಡಿನ ಸುಳ್ಳು ಹಂಗೇ ಉಳ್ಕೊಂಡಿತ್ತು.

ಈಗ ಶೋಲೆ ಕತೆಗೆ ಬರೋಣ. ಚಿಕ್ಕ ಮಕ್ಕಳಿಗೆ ಗೊತ್ತಿರಲ್ಲ, ಅದಕ್ಕೇ ಹೇಳ್ತೀನಿ. ಆ ಪಿಚ್ಚರಿನ ರಾಮಗಢ ಅನ್ನೋ ಊರು ಉತ್ತರದ ಕಡೆ ಎಲ್ಲೂ ಇಲ್ಲ. ಅದು ನಮ್ಮ ರಾಮನಗರದ ರಾಮದೇವರ ಬೆಟ್ಟದ ಬುಡ, ಹಳಬರು ಕ್ಲೋಸ್‌ಪೇಟೆ ಅಂತಿದ್ದ ಊರು. ಚನ್ನಪಟ್ಟಣದಿಂದ ಬಸ್ಸು ಹತ್ತಿದ್ರೆ ಹತ್ತಿಪ್ಪತ್ತು ನಿಮಿಷದ ದಾರಿ. ಕಲಾ ನಿರ್ದೇಶಕ ರಾಮ್ ಯೆಡೇಕರ್ ಅನ್ನೋರು ಈ ಬಂಡೆಗಳನ್ನ ಹುಡುಕಿದ್ರು. ನಿರ್ದೇಶಕ ರಮೇಶ್ ಸಿಪ್ಪಿ ಬಂದು ನೋಡಿ ಒಪ್ಪಿದ್ರು. ಬೆಟ್ಟದ ಕೆಳಗೆ ಒಂದು ಹಳ್ಳಿಯನ್ನೇ ಕಟ್ಟಿದ್ರು. ಮನೆ, ಮಸೀದಿ, ನೀರಿನ ಟ್ಯಾಂಕು, ಠಾಕೂರನ ದೊಡ್ಡ ಮನೆ, ಎಲ್ಲಾ. ಹೆದ್ದಾರಿಯಿಂದ ಅಲ್ಲಿಗೆ ಹೋಗೋಕೆ ರಸ್ತೆ ಮಾಡಿಸಿದ್ರು. 1973ರ ಅಕ್ಟೋಬರಿನಲ್ಲಿ ಶೂಟಿಂಗ್ ಶುರುವಾಯ್ತು. ಅಲ್ಲಿಯ ಒಂದು ಭಾಗಕ್ಕೆ ಜನ ಸಿಪ್ಪಿ ನಗರ ಅಂತಲೇ ಹೆಸರಿಟ್ಟಿದ್ರು.

ಆಗ ಚಿಕ್ಕವ್ವನಿಗೆ ಹದಿನಾರು ಹದಿನೇಳು. ಅವರ ಹಟ್ಟಿ ಹೆಂಗಸರು ಸೌದೆಗೆ ಹೋಗೋ ನೆಪದಲ್ಲಿ ಶೂಟಿಂಗ್ ನೋಡೋಕೆ ಹೋಗ್ತಿದ್ರಂತೆ. ದೂರದಲ್ಲಿ ಬಂಡೆ ಮೇಲೆ ಕೂತು ನೋಡೋದು. "ಏನವ್ವ, ಒಂದೇ ಮಾತ ಹೊತ್ತಾರಿಂದ ಬೈಗಿನಗಂಟ ಆಡೋರು. ನಮ್ಮ ಹುಳ ಎರಡು ಸಲ ಸೊಪ್ಪು ತಿಂದು ಮುಗಿಸೋವು, ಅವರದು ಮುಗೀತಿರ್ನಿಲ್ಲ" ಅಂತ ಚಿಕ್ಕವ್ವ ಹೇಳೋದು. ರೇಷ್ಮೆ ಹುಳ ಸಾಕಿದೋರಿಗೆ ಆ ಲೆಕ್ಕ ಚೆನ್ನಾಗಿ ಗೊತ್ತಾಗುತ್ತೆ.

ಅವರು ಹೇಳೋದು ಸುಳ್ಳಲ್ಲ. ಸ್ನೇಹದ ಮೇಲಿರೋ ಆ ಸ್ಕೂಟರ್ ಹಾಡಿದೆಯಲ್ಲ, ಪಿಚ್ಚರಿನಲ್ಲಿ ಐದು ನಿಮಿಷ. ಅದನ್ನ ತೆಗೆಯೋಕೆ 21 ದಿನ ಹಿಡೀತು. ಜಯಾ ಬಾದುರಿ ಸಂಜೆ ಹೊತ್ತು ಒಂದೊಂದೇ ದೀಪ ಸರಿಮಾಡೋದು, ಆ ಕಡೆ ಅಮಿತಾಬ್ ಬಚ್ಚನ್ ಕೂತು ಬಾಯಲ್ಲಿ ಮೌತ್ ಆರ್ಗನ್ ಊದೋದು, ನೆನಪಿದೆಯಾ? ಆ ಸಣ್ಣ ದೃಶ್ಯಗಳಿಗೆ 20 ದಿನ. ಹೊತ್ತು ಮುಳುಗಿ ಕತ್ತಲಾಗೋ ನಡುವಿನ ಆ ಬೆಳಕೇ ಬೇಕು ಅಂತ ಕಾಯ್ತಿದ್ರು. ಆ ಮೌತ್ ಆರ್ಗನ್ ನಿಜವಾಗಿ ನುಡಿಸಿದ್ದು ಆರ್.ಡಿ. ಬರ್ಮನ್ ತಂಡದ ಭಾನು ಗುಪ್ತಾ ಅನ್ನೋರು. ರೈಲು ದರೋಡೆ ದೃಶ್ಯಕ್ಕೆ ಏಳು ವಾರದ ಮೇಲೆ ಹಿಡೀತು. ಅದು ಮಾತ್ರ ನಮ್ಮ ಕಡೆ ಅಲ್ಲ, ಮುಂಬಯಿ ಹತ್ತಿರದ ಪನ್ವೇಲ್ ಕಡೆ ತೆಗೆದಿದ್ದು.

ಕಡೆಗೆ 1975ರ ಆಗಸ್ಟ್ 15ಕ್ಕೆ ಪಿಚ್ಚರ್ ಬಿಡುಗಡೆ ಆಯ್ತು. ಎಮರ್ಜೆನ್ಸಿ ಬಂದು ಇನ್ನೂ ಎರಡು ತಿಂಗಳು ಆಗಿರಲಿಲ್ಲ. ಮೊದಲು ತೆಗೆದಿದ್ದ ಕೊನೆಯಲ್ಲಿ ಠಾಕೂರ್ ತನ್ನ ಮೊಳೆ ಹೊಡೆದ ಜೋಡಿನಿಂದ ಗಬ್ಬರ್ ಸಿಂಗನ್ನ ತುಳಿದು ಕೊಲ್ತಾನೆ. ಸೆನ್ಸಾರಿನೋರು ಒಪ್ಪಲಿಲ್ಲ. ಕೊನೆ ಬದಲಾಯಿಸಿ, ಪೊಲೀಸರು ಬಂದು ಹಿಡಿದುಕೊಂಡು ಹೋಗೋ ಹಾಗೆ ಮಾಡಿದ್ರು. ನಾವೆಲ್ಲಾ ಇಷ್ಟು ವರ್ಷ ನೋಡಿದ್ದು ಆ ಬದಲಾದ ಕೊನೆಯನ್ನ. ಅಂದ್ರೆ ನಾವು "ಪೂರ್ತಿ ನೋಡಿದ್ದೀವಿ" ಅಂತ ಜಂಬ ಪಡ್ತಿದ್ದ ಪಿಚ್ಚರೇ ಪೂರ್ತಿ ಇರಲಿಲ್ಲ.

ಹಾಡುಗಳ ಕತೆ ಇನ್ನೂ ಸ್ವಾರಸ್ಯ. ಸಂಗೀತ ಆರ್.ಡಿ. ಬರ್ಮನ್ ಅವರದು, ಹಾಡು ಬರೆದೋರು ಆನಂದ್ ಬಕ್ಷಿ. ಹೆಲೆನ್ ಕುಣಿಯೋ ಹಾಡನ್ನ ಬರ್ಮನ್ ಅವರೇ ತಮ್ಮ ಒರಟು ಗಂಟಲಲ್ಲಿ ಹಾಡಿದ್ದು. ಅದರ ರಾಗ ಡೆಮಿಸ್ ರೂಸೋಸ್ ಅನ್ನೋ ಗ್ರೀಕ್ ಗಾಯಕ ಹಾಡಿದ್ದ ಒಂದು ಹಾಡಿನಿಂದ ಬಂತು. ಎಲ್ಲಿಯ ಗ್ರೀಸು, ಎಲ್ಲಿಯ ನಮ್ಮ ರಾಮದೇವರ ಬೆಟ್ಟ! ಇಷ್ಟಾದ್ರೂ ಮೊದಮೊದಲು ಶೋಲೆ ಹಾಡಿನ ಪ್ಲೇಟು ಅಂದುಕೊಂಡಷ್ಟು ಖರ್ಚಾಗಲಿಲ್ಲ. ಜನಕ್ಕೆ ಹಿಡಿಸಿದ್ದು ಮಾತು. ಅದನ್ನ ಕಂಡು ಪಾಲಿಡಾರ್ ಕಂಪನಿಯೋರು ಪಿಚ್ಚರಿನ ಮಾತುಗಳನ್ನೇ ಬೇರೆ ಪ್ಲೇಟು ಮಾಡಿ ಮಾರಿದ್ರು. ನಮ್ಮ ಊರ ಮದುವೆಗಳಲ್ಲಿ ಗಂಡು ಹೆಣ್ಣಿಗೆ ಧಾರೆ ಎರೆಯೋ ಹೊತ್ತಿಗೆ ಹಾರನ್ನಿನಲ್ಲಿ ಗಬ್ಬರ್ ಸಿಂಗ್ ಅಬ್ಬರಿಸ್ತಿದ್ದದ್ದು ನಂಗೆ ಚೆನ್ನಾಗಿ ನೆನಪಿದೆ. ಪುರೋಹಿತರು ಕೈ ಸನ್ನೆ ಮಾಡಿ ನಿಲ್ಲಿಸಬೇಕಾಗ್ತಿತ್ತು.

2025ಕ್ಕೆ ಶೋಲೆಗೆ 50 ವರ್ಷ ತುಂಬ್ತು ಅಂತ ಟೀವಿ, ಮೊಬೈಲು ಎಲ್ಲಾ ಕಡೆ ಅದೇ ಸುದ್ದಿ. ಗೌರಿ ಹಬ್ಬಕ್ಕೆ ನನ್ನ ಮಗಳು ಬೆಂಗಳೂರಿಂದ ಬಂದಿದ್ಲು. ಬಾಗಿನದ ಮೊರ ಜೋಡಿಸ್ತಾ ಈ ಚಿಕ್ಕವ್ವನ ಹಾಡಿನ ಕತೆ ತಮಾಷೆಗೆ ಹೇಳ್ದೆ. ಅವಳು ನಗಲಿಲ್ಲ. "ಅಮ್ಮ, ನೀವ್ಯಾರಾದ್ರೂ ಒಂದ್ಸಲ ಹುಡುಕಿ ನೋಡಿದ್ರಾ?" ಅಂದ್ಲು. ನಾನು ಸುಮ್ಮನಾದೆ. ಅವಳು ಫೋನ್ ತೆಗೆದು ಏನೋ ಒತ್ತಿ, ನನ್ನ ಕಿವಿ ಹತ್ತಿರ ಹಿಡಿದ್ಲು.

ಗಂಡಸರು. ನಾಲ್ಕು ಜನ. ಚಪ್ಪಾಳೆ.

ನನ್ನ ಕೈಯಲ್ಲಿದ್ದ ಅರಿಸಿನದ ಬಟ್ಟಲು ಕೆಳಗಿಟ್ಟು ಕೂತ್ಬಿಟ್ಟೆ.

ಆ ಹಾಡಿನ ಹೆಸರು "ಚಾಂದ್ ಸಾ ಕೋಯಿ ಚೆಹ್ರಾ". ಅದು ಖವ್ವಾಲಿ. ಶೋಲೆಗೆ ಅಂತಲೇ ಆನಂದ್ ಬಕ್ಷಿ ಬರೆದು, ಬರ್ಮನ್ ರಾಗ ಹಾಕಿ, ಸ್ಟುಡಿಯೋದಲ್ಲಿ ಹಾಡಿಸಿ ರೆಕಾರ್ಡ್ ಮಾಡಿದ್ದ ಹಾಡು. ಆದ್ರೆ ಪಿಚ್ಚರ್ ಆಗಲೇ ಮೂರು ಗಂಟೆ ದಾಟಿ ಬೆಳೆದಿತ್ತು. ಉದ್ದ ಜಾಸ್ತಿ ಆಯ್ತು ಅಂತ ಈ ಹಾಡನ್ನ ಕೈಬಿಟ್ರು, ಅದರ ಶೂಟಿಂಗೇ ನಡೀಲಿಲ್ಲ. ಹಂಗಾಗಿ ಅದು ಕೇಳೋಕೆ ಉಳೀತು, ನೋಡೋಕೆ ಇಲ್ಲದಂಗಾಯ್ತು. ಎರಡು ದೀಪದ ಬೆಳಕಿಗೆ 20 ದಿನ ಸಿಕ್ತು, ನಾಲ್ಕು ಗಂಟಲಿನ ಹಾಡಿಗೆ ಒಂದು ದಿನವೂ ಸಿಗಲಿಲ್ಲ. ಇನ್ನೊಂದು ತಮಾಷೆ ಕೇಳಿ. ಅಷ್ಟು ದೊಡ್ಡ ಪಿಚ್ಚರಿಗೆ ಆಗ ಫಿಲ್ಮ್‌ಫೇರ್ ಪ್ರಶಸ್ತಿ ಬಂದಿದ್ದು ಒಂದೇ ಒಂದು, ಅದೂ ಸಂಕಲನಕಾರ ಎಂ.ಎಸ್. ಶಿಂಧೆ ಅವರಿಗೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಅಂಟಿಸಬೇಕು ಅಂತ ತಿಳಿದೋರಿಗೆ!

ಹಾಡಿದ ನಾಲ್ಕು ಜನ ಯಾರು ಅಂತ ನೋಡಿದಾಗ ಇನ್ನೂ ಆಶ್ಚರ್ಯ ಆಯ್ತು. ಒಬ್ಬರು ಕಿಶೋರ್ ಕುಮಾರ್. ನಮಗೆ ಅವರೇನೂ ಹೊರಗಿನೋರಲ್ಲ. 1972ರ "ಕುಳ್ಳ ಏಜೆಂಟ್ 000" ಪಿಚ್ಚರಿನಲ್ಲಿ ದ್ವಾರಕೀಶ್ ಅವರಿಗೆ ಕನ್ನಡದಲ್ಲೇ ಹಾಡಿದ್ದಾರೆ, ರಾಜನ್-ನಾಗೇಂದ್ರ ಅವರ ಸಂಗೀತದಲ್ಲಿ. ಎರಡನೆಯೋರು ಮನ್ನಾ ಡೇ. ಅವರು ಕೊನೆಗಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದು, 2013ರಲ್ಲಿ 94ನೇ ವಯಸ್ಸಿಗೆ ಅಲ್ಲೇ ತೀರಿಕೊಂಡ್ರು. ಈ ಹಾಡು ಹಾಡಿದೋರಲ್ಲಿ ಒಬ್ಬರು ನಮ್ಮಿಂದ ಒಂದು ಬಸ್ಸಿನ ದೂರದಲ್ಲಿ ವರ್ಷಗಟ್ಟಲೆ ಇದ್ರು, ನಾವು ಇಲ್ಲಿ "ಅಂಥ ಹಾಡೇ ಇಲ್ಲ" ಅಂತ ನಗ್ತಾ ಕೂತಿದ್ವಿ. ಮೂರನೆಯೋರು ಭೂಪಿಂದರ್ ಸಿಂಗ್, ಬರ್ಮನ್ ಅವರ ತಂಡದಲ್ಲಿ ಗಿಟಾರ್ ಕೂಡ ನುಡಿಸ್ತಿದ್ದೋರು.

ನಾಲ್ಕನೆಯೋರ ಹೆಸರು ಓದಿದಾಗ ನನಗೆ ಮೈ ಜುಂ ಅಂತು. ಯಾಕೆ ಅಂದ್ರೆ ಚಿಕ್ಕವ್ವ ಅದನ್ನ ಮೊದಲೇ ಹೇಳಿದ್ರು. ನಾವು ಕೆಣಕಿದಾಗೆಲ್ಲಾ ಅವರು ಹೇಳ್ತಿದ್ದ ಮಾತು ಇದು: "ಮೂರು ಜನ ಹಾಡೋರು. ನಾಲ್ಕನೆಯೋನು ಹಾಡೋನಲ್ಲ ಕಣ್ರೋ. ಅವನ ಗಂಟಲು ನಮ್ಮಂಥೋರ ಗಂಟಲು. ಆಸೆಗೆ ಹಾಡ್ತಾವ್ನೆ." ಹಿಂದಿ ಬರಲ್ಲ, ಓದೋಕೆ ಬರಲ್ಲ, ಹೆಸರು ಗೊತ್ತಿಲ್ಲ. ಹಾರನ್ನಿನ ಆ ಗೊರಗೊರ ಸದ್ದಿನೊಳಗೆ ಅಷ್ಟು ಕೇಳಿಸಿಕೊಂಡಿದ್ರು. ಆ ನಾಲ್ಕನೆಯೋರು ಆನಂದ್ ಬಕ್ಷಿ, ಹಾಡು ಬರೆದೋರೇ.

ಆನಂದ್ ಬಕ್ಷಿ 1930ರಲ್ಲಿ ರಾವಲ್ಪಿಂಡಿಯಲ್ಲಿ ಹುಟ್ಟಿದೋರು. ದೇಶ ಎರಡಾದಾಗ ಮನೆ ಮಠ ಬಿಟ್ಟು ಈ ಕಡೆ ಬಂದ್ರು. ಸೈನ್ಯದಲ್ಲಿ ಕೆಲಸ ಮಾಡಿದ್ರು. ಮನಸ್ಸಿನಲ್ಲಿ ಇದ್ದಿದ್ದು ಬರೆಯೋದರ ಜೊತೆಗೆ ಹಾಡಬೇಕು ಅಂತ. ಮುಂಬಯಿಗೆ ಬಂದ ಮೇಲೆ ಬರೆಯೋರಾಗಿ ಹೆಸರು ಬಂತು, ಸಾವಿರಾರು ಹಾಡು ಬರೆದ್ರು. ಹಾಡೋ ಅವಕಾಶ ಮಾತ್ರ ಅಲ್ಲೊಂದು ಇಲ್ಲೊಂದು. 1972ರ "ಮೋಮ್ ಕೀ ಗುಡಿಯಾ" ಪಿಚ್ಚರಿನಲ್ಲಿ ಲತಾ ಮಂಗೇಶ್ಕರ್ ಜೊತೆ ಒಂದು ಹಾಡು ಹಾಡಿದ್ರು. ಆಮೇಲೆ ಈ ಶೋಲೆ ಖವ್ವಾಲಿ. ಇದು ಪರದೆ ಮೇಲೆ ಬಂದಿದ್ರೆ ದೇಶವೆಲ್ಲಾ ಅವರ ಗಂಟಲನ್ನ ಕೇಳ್ತಿತ್ತು. ಬರಲಿಲ್ಲ. 2002ರಲ್ಲಿ ಹೋಗ್ಬಿಟ್ರು. ಇವತ್ತಿಗೂ ಜನ ಅವರನ್ನ ಬರೆಯೋರು ಅಂತಲೇ ನೆನೆಯೋದು.

ಖವ್ವಾಲಿ ಅಂದ್ರೆ ನಮಗೆ ಹೊಸದಲ್ಲ. ಚನ್ನಪಟ್ಟಣದ ಕಡೆ ಉರುಸಿನ ರಾತ್ರಿ ಕೇಳಿಯೇ ಇರ್ತೀವಿ. ಒಬ್ಬ ಮುಂದೆ ಹೇಳ್ತಾನೆ, ಹಿಂದಿನೋರು ಎತ್ತಿಕೊಳ್ತಾರೆ, ಚಪ್ಪಾಳೆಯೇ ತಾಳ. ದರ್ಗಾದಲ್ಲಿ ದೇವರನ್ನ ನೆನೆಯೋಕೆ ಹುಟ್ಟಿದ ಹಾಡು, ಸಿನಿಮಾಕ್ಕೆ ಬಂದ ಮೇಲೆ ಹೆಣ್ಣಿನ ರೂಪ ಹೊಗಳೋಕೂ ಬಳಕೆಯಾಯ್ತು. ಈ ಹಾಡೂ ಅಂಥದ್ದೇ. ಯೋಚನೆ ಮಾಡಿ ನೋಡಿದ್ರೆ ನಮ್ಮ ಸೋಬಾನೆ ನಡೆಯೋದೂ ಹಿಂಗೇ ತಾನೆ? ಒಬ್ಬಳು ಎತ್ತಿಕೊಡ್ತಾಳೆ, ಉಳಿದೋರು ಅದೇ ಸೊಲ್ಲನ್ನ ಹಿಡಿದು ಹಿಂದಕ್ಕೆ ಕೊಡ್ತಾರೆ. ಮುಂದೆ ಹೇಳೋಳು ಉಸಿರು ತಗೊಳ್ಳೋ ಹೊತ್ತಿಗೆ ಹಿಂದಿನೋರು ಕೈ ಬಿಡಬಾರದು. ಚಿಕ್ಕವ್ವನ ಕಿವಿಗೆ ಆ ಹಾಡು ಒಂದೇ ಸಲಕ್ಕೆ ಹತ್ತಿದ್ದು ಅದಕ್ಕೇ ಅಂತ ನನಗನ್ನಿಸುತ್ತೆ. ಭಾಷೆ ಗೊತ್ತಿಲ್ಲದಿದ್ರೂ ಹಾಡೋ ಕಟ್ಟು ಅವರಿಗೆ ಗೊತ್ತಿತ್ತು. ನಾವು ಕಣ್ಣಲ್ಲಿ ನೋಡಿದ್ದನ್ನ ನಂಬಿಕೊಂಡು ಕೂತ್ವಿ, ಅವರು ಕಿವಿಯಲ್ಲಿ ಕೇಳಿದ್ದನ್ನ ಬಿಡಲಿಲ್ಲ.

ಗೌರಿ ಹಬ್ಬದ ಮಾರನೇ ದಿನ ಬಾಗಿನ ತಗೊಂಡು ಚಿಕ್ಕವ್ವನ ಮನೆಗೆ ಹೋದ್ವಿ, ನಾನೂ ಮಗಳೂ. ಚಿಕ್ಕಪ್ಪ ಹೋಗಿ ಆರು ವರ್ಷ ಆಯ್ತು. ಚಿಕ್ಕವ್ವ ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಾ ಇದ್ರು. ಈಗ ಒಂದು ಕಿವಿ ಮಂದ. ಮಗಳು ಫೋನನ್ನ ಆ ಇನ್ನೊಂದು ಕಿವಿ ಹತ್ತಿರ ಇಟ್ಲು.

ಮೊದಲು ಏನೂ ಆಗಲಿಲ್ಲ. ಆಮೇಲೆ ಕೈಯಲ್ಲಿದ್ದ ಕಾಯಿ ಮಡಿಲಿಗೆ ಬಿತ್ತು. ಕಣ್ಣು ಮುಚ್ಚಿಕೊಂಡ್ರು. ಹಾಡು ಇನ್ನೂ ಆ ಜಾಗಕ್ಕೆ ಬಂದೇ ಇರಲಿಲ್ಲ, ಅವರ ಎರಡೂ ಕೈ ಮುಂಚೇನೇ ಎದ್ದು ನಿಂತ್ವು. ಸರಿಯಾಗಿ ಚಪ್ಪಾಳೆ ಬೀಳೋ ಕಡೆ ಅವರದೂ ಬಿತ್ತು. ನಲವತ್ತು ವರ್ಷದ ಹಿಂದೆ ಒಂದು ಸಲ ಕೇಳಿದ್ದು!

ಮುಗಿದ ಮೇಲೆ ನಾನು ಕಾಲು ಮುಟ್ಟಿ, "ಚಿಕ್ಕವ್ವ, ನೀನು ಹೇಳಿದ್ದು ನಿಜ ಕಣವ್ವ, ನಾವೇ ನಿನ್ನ ಸುಳ್ಳಿ ಅಂದ್ವಿ" ಅಂದೆ. ಅವರು ನನ್ನ ಬೈತಾರೆ, ಇಲ್ಲಾ ಅಳ್ತಾರೆ ಅಂದುಕೊಂಡಿದ್ದೆ. ಎರಡೂ ಇಲ್ಲ. "ಆ ನಾಲ್ಕನೆಯೋನು ಯಾರು ಅಂತ ಗೊತ್ತಾಯ್ತಾ?" ಅಂತ ಕೇಳಿದ್ರು. ಹೇಳ್ದೆ, ಹಾಡು ಬರೆದೋರೇ ಅವರು, ಹಾಡಬೇಕು ಅಂತ ಆಸೆ ಇತ್ತು, ಅವಕಾಶ ಸಿಗಲಿಲ್ಲ ಅಂತ. "ನೋಡ್ದಾ, ಆಸೆಗೆ ಹಾಡ್ತಾವ್ನೆ ಅಂತ ನಾನು ಆವತ್ತೇ ಅಂದಿರ್ನಿಲ್ವಾ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಂದ್ಸಲ ಹಾಕು ಮಗ. ತಡಿ, ಪಕ್ಕದ ಮನೆಯೋಳ್ನೂ ಕರೀತೀನಿ. ಅವಳೂ ಕೇಳ್ಲಿ, ಆಮೇಲೆ ಇಲ್ಲ ಅನ್ನಬಾರ್ದು" ಅಂತ ಎದ್ದುಹೋದ್ರು.

ಸಾಕ್ಷಿಗೆ ಜನ ಕರೆದಿದ್ದು ನೋಡಿ ನನಗೆ ಬಳೆ ಚೀಟಿ ನೆನಪಾಗಿ ಹೊಟ್ಟೆ ಹಿಂಡಿದಂಗಾಯ್ತು. ಒಂದು ಹೆಂಗಸು ಕಂಡಿದ್ದನ್ನ ಕಂಡೆ ಅಂದಾಗ ನಂಬೋಕೆ ನಮಗೆ ಪಿಚ್ಚರ್ ಬೇಕು, ಚೀಟಿ ಬೇಕು, ಈಗ ಮೊಬೈಲು ಬೇಕು. ಅವರ ಬಾಯಿಮಾತು ಮಾತ್ರ ಸಾಲದು. ನಮ್ಮ ಮನೇಲಿ ಹಂಗಾಗಿದೆ. ನಿಮ್ಮ ಮನೆಗಳಲ್ಲಿ ಹೆಂಗೋ ನೀವೇ ನೋಡಿಕೊಳ್ಳಿ.

ಆ ಹಾಡು ಹಾಡಿದ ನಾಲ್ಕು ಜನರೂ ಈಗಿಲ್ಲ. ಕಿಶೋರ್ ಕುಮಾರ್ 1987ರಲ್ಲಿ ಹೋದ್ರು, ಭೂಪಿಂದರ್ ಸಿಂಗ್ 2022ರಲ್ಲಿ. ರಾಗ ಹಾಕಿದ ಬರ್ಮನ್ 1994ರಲ್ಲೇ ಹೋದ್ರು. ರಾಮದೇವರ ಬೆಟ್ಟದಲ್ಲಿ ಕಟ್ಟಿದ್ದ ಊರೂ ಇಲ್ಲ, ಬಂಡೆ ಮಾತ್ರ ಇದಾವೆ, ರಣಹದ್ದು ಇದಾವೆ. ನಮ್ಮ ಚಿಕ್ಕವ್ವ ಇದ್ದಾರೆ.

ಅದಕ್ಕೇ ಒಂದು ಕೆಲಸ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆವತ್ತು ನನ್ನ ಜೊತೆ ನಕ್ಕಿದ್ದೋರು ಇದನ್ನ ಓದ್ತಾ ಇದ್ದೀರಿ, ನನಗೆ ಗೊತ್ತು. ಚಿಕ್ಕವ್ವನಿಗೆ ಒಂದು ಫೋನ್ ಮಾಡಿ. ಕ್ಷಮಿಸು ಗಿಮಿಸು ಅನ್ನೋದೆಲ್ಲ ಬೇಡ, ಅವರಿಗೆ ಮುಜುಗರ. "ಚಿಕ್ಕವ್ವ, ಆ ಶೋಲೆ ಹಾಡು ಹೆಂಗಿತ್ತು?" ಅಂತ ಕೇಳಿ, ಅವರು ಹೇಳೋದನ್ನ ಪೂರ್ತಿ ಕೇಳಿ. ಬಲಗಿವಿ ಚೆನ್ನಾಗಿ ಕೇಳ್ಸುತ್ತೆ, ಸ್ವಲ್ಪ ಜೋರಾಗಿ ಮಾತಾಡಿ. ಹೊತ್ತಾರೆ ಹಾಲು ಕರೆಯೋ ಹೊತ್ತು ಬಿಟ್ಟು ಯಾವಾಗ ಬೇಕಾದ್ರೂ ಮಾಡಬಹುದು.

ಮುಂದಿನ ಸಲ ಬಾಳಕದ ಮೆಣಸಿನಕಾಯಿ ಬರೀತೀನಿ.